ಓಡಿದ್ದು ಇಬ್ಬರು, ರನ್ ಒಬ್ಬನ ಹೆಸರಿಗೆ

ಕ್ರಿಕೆಟ್ಟನ್ನೂ ಪ್ರೀತಿಯನ್ನೂ ನಮಗೆ ಯಾವ ಲೆಕ್ಚರರೂ ಹೇಳಿಕೊಡಲಿಲ್ಲ. ಎರಡನ್ನೂ ಕಲಿತದ್ದು ಜೀವನ್ ಬಿಮಾ ನಗರದ ಒಂದೇ ಟೀ ಅಂಗಡಿಯ ಮುಂದೆ ನಿಂತು. ಅದಕ್ಕೇ ಇರಬೇಕು, ಎರಡರ ಡಿಕ್ಷನರಿಯೂ ನಮ್ಮ ತಲೆಯಲ್ಲಿ ಒಂದರೊಳಗೊಂದು ಕಲಸಿಹೋಗಿದೆ.

ನಮ್ಮ ಏರಿಯಾ ಗೊತ್ತಲ್ಲ? ಒಂದು ಕಡೆ ಇಂದಿರಾನಗರ, ಇನ್ನೊಂದು ಕಡೆ ತಿಪ್ಪಸಂದ್ರ. ಎಲ್‌ಐಸಿ ಕಾಲೊನಿಯಿಂದ ಹೆಸರು ಪಡೆದ ಬಡಾವಣೆ. ಹೆಸರಿನಲ್ಲೇ ಜೀವವಿಮೆ ಇದೆ. ಆದರೆ ಇಲ್ಲಿ ಲವ್ ಮಾಡಿದವರಿಗೆ ಯಾವ ಪಾಲಿಸಿಯೂ ಇಲ್ಲ, ನಾಮಿನಿ ಮಾತ್ರ ಬದಲಾಗುತ್ತಿರುತ್ತಾರೆ.

ಟೀ ಅಂಗಡಿಯ ಡಿಕ್ಷನರಿಯ ಕೆಲವು ಪುಟ ಓದುತ್ತೇನೆ, ಕೇಳಿ. ಹುಡುಗಿ ತಾನಾಗಿಯೇ ಮೊದಲು ಮೆಸೇಜ್ ಹಾಕಿದರೆ ‘ಫ್ರೀ ಹಿಟ್’. ಪ್ರಪೋಸ್ ಮಾಡಿದ ಕೂಡಲೇ ‘ಅಣ್ಣಾ’ ಅನ್ನಿಸಿಕೊಂಡರೆ ‘ಗೋಲ್ಡನ್ ಡಕ್’. ಮೂರು ವರ್ಷದಿಂದ ಬರೀ ಗುಡ್ ಮಾರ್ನಿಂಗ್ ಕಳಿಸುತ್ತಿರುವವನು ‘ಟೆಸ್ಟ್ ಪ್ಲೇಯರ್’. ಬ್ರೇಕಪ್ ಆಗಿ ಆರು ತಿಂಗಳಾದರೂ ಅವಳ ಸ್ಟೇಟಸ್ ನೋಡುತ್ತಲೇ ಇರುವವನು ‘ಔಟಾದ್ರೂ ಬ್ಯಾಟ್ ನಂದು ಅಂತ ಕ್ರೀಸ್ ಬಿಡದವನು’. ಗೆಳತಿ ರೂಮಿಗೆ ಬಂದ ದಿನ ಗೇಟಿನ ಬಳಿ ಮೊಬೈಲ್ ಹಿಡಿದು ಕಾಯುವ ಬಡಪಾಯಿ ರೂಮ್‌ಮೇಟ್ ‘ನೈಟ್ ವಾಚ್‌ಮನ್’. ಮೆಟ್ಟಿಲ ಮೇಲಿನ ಚಪ್ಪಲಿ ಎಣಿಸುವ ಓನರ್ ಆಂಟಿ ‘ಥರ್ಡ್ ಅಂಪೈರ್’.

ಹೊಸದಾಗಿ ಮದುವೆಯಾದ ಸೀನಿಯರ್ ಒಬ್ಬರು ಬೆಳಗ್ಗೆ ಟೀ ಕುಡಿಯುತ್ತಾ ಆಕಳಿಸಿದರೆ ಮುಗಿಯಿತು. ‘ಏನಣ್ಣಾ, ಡೇ ನೈಟ್ ಮ್ಯಾಚಾ?’ ಅಂತ ಕೋರಸ್. ಅವರೇನು ಕಮ್ಮಿಯಿಲ್ಲ. ‘ಎಲ್ಲಿ ಮ್ಯಾಚು ಕಣ್ರೋ, ಊರಿಂದ ಅತ್ತೆ ಬಂದಿದ್ದಾರೆ, ಒಂದು ವಾರ ಮಳೆ’ ಅಂತ ಗ್ಲಾಸು ಇಟ್ಟು ಹೊರಡುತ್ತಾರೆ. ನಾವು ಬಿದ್ದು ಬಿದ್ದು ನಗುತ್ತೇವೆ.

ಇದನ್ನೆಲ್ಲ ಓದಿ ‘ಛೀ, ಈಗಿನ ಹುಡುಗರು’ ಅನ್ನುವ ಹಿರಿಯರಿಗೆ ನನ್ನದೊಂದು ವಿನಂತಿ. ಒಮ್ಮೆ ನಿಮ್ಮದೇ ಮದುವೆಯ ವಿಡಿಯೊ ಕ್ಯಾಸೆಟ್ ಹಾಕಿ ನೋಡಿ. ತಾಳಿ ಕಟ್ಟಿದ ಮೇಲೆ ವಧೂವರರನ್ನು ಎದುರುಬದುರು ಕೂರಿಸಿ, ನೀರು ತುಂಬಿದ ಪಾತ್ರೆಯಲ್ಲಿ ಉಂಗುರ ಹಾಕಿ ಹುಡುಕಿಸುವ ಆಟ ಏನು? ಉರುಟಣೆಯಲ್ಲಿ ಹೂವಿನ ಚೆಂಡು ಎಸೆದಾಡಿಸುವುದು ಏನು? ‘ಮೊದಲು ಯಾರ ಕೈಗೆ ಸಿಗುತ್ತೋ, ಮನೆಯಲ್ಲಿ ಅವರದೇ ಮಾತು’ ಅಂತ ಕಣ್ಣು ಮಿಟುಕಿಸುವ ಅತ್ತೆಯಂದಿರು ಯಾವ ಟೀ ಅಂಗಡಿಯಲ್ಲಿ ಕಲಿತವರು? ಇನ್ನು ಬೀಗರ ಹಾಡುಗಳನ್ನಂತೂ ಇಲ್ಲಿ ಬರೆಯುವ ಹಾಗಿಲ್ಲ. ನನ್ನ ಅಜ್ಜಿ ಎರಡೇ ಸಾಲು ಹಾಡಿ ‘ಮುಂದಿನದು ನಿನಗೆ ಮದುವೆ ಆದ್ಮೇಲೆ’ ಅಂತ ನಿಲ್ಲಿಸಿಬಿಟ್ಟಳು. ಕಾಶಿನಾಥ್ ‘ಅನುಭವ’ ಮಾಡಿದ್ದು 1984ರಲ್ಲಿ, ನಾವು ಹುಟ್ಟುವ ಎಷ್ಟೋ ವರ್ಷ ಮೊದಲು. ಆಟದ ಹೆಸರಿನಲ್ಲಿ ಪ್ರೀತಿಯ ಮಾತಾಡುವುದು, ಒಂದು ಮಾತಿನಲ್ಲಿ ಇನ್ನೊಂದನ್ನು ಬಚ್ಚಿಡುವುದು ನಮಗೆ ಹೊಸದೇನೂ ಅಲ್ಲ.

ಇಷ್ಟು ಧೈರ್ಯದಲ್ಲಿ ನಾನು ಒಂದು ದಿನ ಮೈಕ್ ಹಿಡಿದೆ.

ಕಾಲೇಜಿನ ಇಂಟರ್ ಬ್ರಾಂಚ್ ಟೆನಿಸ್ ಬಾಲ್ ಟೂರ್ನಿ. ಕನ್ನಡದಲ್ಲಿ ಕಾಮೆಂಟ್ರಿ ಕೊಡಲು ನಾನು ಫೇಮಸ್ಸು. ಸೆಮಿಫೈನಲ್‌ನಲ್ಲಿ ಮೆಕ್ಯಾನಿಕಲ್‌ನ ಓಪನರ್ ಎರಡು ರನ್ ಓಡುವ ಕಡೆ ಒಂದೇ ಓಡಿ ಏದುಸಿರು ಬಿಡುತ್ತಿದ್ದ. ಅವನೂ ನನ್ನ ಕ್ಲಾಸಿನ ಹುಡುಗಿಯೊಬ್ಬಳೂ ಜೊತೆಗಿರುವುದು ಎಲ್ಲರಿಗೂ ಗೊತ್ತು. ಅವಳು ಅಲ್ಲೇ ಸ್ಟ್ಯಾಂಡಿನಲ್ಲಿ ಕೂತಿದ್ದಳು. ನನ್ನ ಬಾಯಿ ಸುಮ್ಮನಿರಲಿಲ್ಲ. ‘ನಿನ್ನೆ ರಾತ್ರಿ ಯಾವ ಪಿಚ್‌ನಲ್ಲಿ ಪ್ರಾಕ್ಟೀಸ್ ಮಾಡಿದನೋ ಪಾಪ, ಇವತ್ತು ಕಾಲೇ ಎತ್ತೋಕಾಗ್ತಿಲ್ಲ. ಪಿಚ್ ರಿಪೋರ್ಟ್ ಬೇಕಾದವರು ಮೂರನೇ ಸಾಲು ನೋಡಿ!’

ಇಡೀ ಗ್ರೌಂಡು ನಕ್ಕಿತು. ಎಲ್ಲರೂ ಮೂರನೇ ಸಾಲಿನ ಕಡೆ ತಿರುಗಿದರು. ಅಂಪೈರ್ ಆಗಿದ್ದ ಸೀನಿಯರ್ ಕೂಡ ನಗು ತಡೆಯಲಾಗದೆ ಟೋಪಿ ಮುಖಕ್ಕೆ ಹಿಡಿದುಕೊಂಡ. ನನ್ನ ಜೀವನದ ಬೆಸ್ಟ್ ಜೋಕ್ ಅಂದುಕೊಂಡೆ. ಅವಳು ಎದ್ದು ಹೋದದ್ದನ್ನು ನಾನು ನೋಡಲೇ ಇಲ್ಲ.

ಮಾರನೇ ದಿನ ಲ್ಯಾಬ್‌ನಲ್ಲಿ ಅವಳದು ನನ್ನ ಪಕ್ಕದ ಟೇಬಲ್. ಬೋರ್ಡಿಗೆ ವೈರ್ ಜೋಡಿಸುತ್ತಾ, ತಲೆ ಎತ್ತದೆ ಕೇಳಿದಳು. ‘ಕಾಮೆಂಟ್ರಿ ಚೆನ್ನಾಗಿತ್ತು ಕಣೋ. ಒಂದೇ ಡೌಟು. ಆಟದಲ್ಲಿ ಅವನು ಬ್ಯಾಟ್ಸ್‌ಮನ್. ನಾನು ಯಾರು?’

ನಾನು ಸುಮ್ಮನಿದ್ದೆ.

‘ಪಿಚ್ಚು, ಅಲ್ವಾ?’ ಅಂದವಳು ಇನ್ನೊಂದು ವೈರ್ ಚುಚ್ಚಿದಳು. ಅವತ್ತು ನನ್ನ ಸರ್ಕ್ಯೂಟು ಔಟ್‌ಪುಟ್ಟೇ ಕೊಡಲಿಲ್ಲ.

ಅವತ್ತಿನಿಂದ ನಮ್ಮ ಡಿಕ್ಷನರಿಯನ್ನು ಮತ್ತೆ ಮೊದಲಿಂದ ಓದಿದೆ. ‘ವಿಕೆಟ್ ಬಿತ್ತು’ ಅಂದರೆ ಬಿದ್ದ ವಿಕೆಟ್ಟು ಅವಳು. ‘ಬೌಂಡರಿ ದಾಟಿಸಿದೆ’ ಅಂದರೆ ಚೆಂಡು ಅವಳು. ‘ಸ್ಕೋರ್ ಮಾಡಿದೆ’ ಅಂದರೆ ರನ್ನು ಅವಳು. ‘ಕಪ್ ನಮ್ದೇ’ ಅಂದರೆ ಕಪ್ಪೂ ಅವಳೇ. ಇಂಗ್ಲಿಷಿನವರೂ ಕಮ್ಮಿಯಿಲ್ಲ. ರನ್ ಬಾರದ ಓವರಿಗೆ ಅವರು ‘ಮೇಡನ್’ ಅಂತ, ಅಂದರೆ ಕನ್ಯೆ ಅಂತ, ಹೆಸರಿಟ್ಟಿದ್ದಾರೆ. ಮೈದಾನದಲ್ಲಿರುವ ಎಲ್ಲ ಸಾಮಾನೂ ಹುಡುಗಿಯೇ. ಆಟಗಾರ್ತಿ ಮಾತ್ರ ಎಲ್ಲೂ ಇಲ್ಲ! ಟೀ ಅಂಗಡಿಯಲ್ಲಿ ನಾನು ಕೇಳಿದ ಒಂದು ಜೋಕಿನಲ್ಲೂ ಹುಡುಗಿ ಬ್ಯಾಟ್ ಹಿಡಿದದ್ದಿಲ್ಲ, ಬೌಲಿಂಗ್ ಮಾಡಿದ್ದಿಲ್ಲ, ಕೊನೆಗೆ ‘ಇವತ್ತು ಮ್ಯಾಚ್ ಬೇಡ’ ಅಂತ ಹೇಳುವ ಅಂಪೈರೂ ಆಗಿದ್ದಿಲ್ಲ.

ಇದೆಂಥ ಅನ್ಯಾಯ ನೋಡಿ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮದೇ ಬೆಂಗಳೂರಿನಲ್ಲಿ, ನಮ್ಮವರೇ ಆದ ಶಾಂತಾ ರಂಗಸ್ವಾಮಿ ನಾಯಕತ್ವದಲ್ಲಿ. ನಾವು ವರ್ಷಗಟ್ಟಲೆ ‘ಈ ಸಲ ಕಪ್ ನಮ್ದೇ’ ಅಂತ ಗಂಟಲು ಹರಿದುಕೊಂಡ ಆರ್‌ಸಿಬಿಗೆ ಮೊದಲ ಕಪ್ ತಂದವರೂ ಹುಡುಗಿಯರೇ. 2024ರ ಮಾರ್ಚ್‌ನಲ್ಲಿ, ಸ್ಮೃತಿ ಮಂದಾನ ತಂಡ. ಕ್ರಿಕೆಟ್ಟಿನ ನಿಯಮ ಬರೆಯುವ ಎಂಸಿಸಿ ಕೂಡ 2021ರಲ್ಲಿ ‘ಬ್ಯಾಟ್ಸ್‌ಮನ್’ ತೆಗೆದು ‘ಬ್ಯಾಟರ್’ ಅಂತ ತಿದ್ದಿತು. ನಮ್ಮ ಟೀ ಅಂಗಡಿಯ ನಿಯಮ ಪುಸ್ತಕಕ್ಕೆ ಮಾತ್ರ ಇನ್ನೂ ತಿದ್ದುಪಡಿ ಬಂದಿಲ್ಲ.

‘ಹಾಗಾದರೆ ಇನ್ಮೇಲೆ ಜೋಕೇ ಮಾಡಬಾರದಾ ಮಗಾ?’ ಅಂತ ಗೆಳೆಯರು ಕೇಳಿದರು. ನನಗೂ ಅದೇ ಪ್ರಶ್ನೆ ಇತ್ತು. ಉತ್ತರ ಸಿಕ್ಕಿದ್ದು ಎರಡು ಹಳೆಯ ಕಥೆಗಳಲ್ಲಿ.

ಮೊದಲನೆಯದು 1991ರದ್ದು. ಇಂಗ್ಲೆಂಡಿನ ಓವಲ್ ಮೈದಾನ, ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್. ಆಂಬ್ರೋಸ್ ಬೌಲಿಂಗ್‌ನಲ್ಲಿ ಇಯಾನ್ ಬೋಥಮ್ ಆಯ ತಪ್ಪಿದರು. ವಿಕೆಟ್ ಮೇಲೆ ಬೀಳದಿರಲು ಅದನ್ನು ದಾಟಲು ಹೋಗಿ, ಕಾಲು ತಾಗಿ ಬೇಲ್ ಬಿತ್ತು. ಹಿಟ್ ವಿಕೆಟ್. ಸಂಜೆ ಬಿಬಿಸಿ ರೇಡಿಯೊದಲ್ಲಿ ಜೊನಾಥನ್ ಆಗ್ನ್ಯೂ ಅದನ್ನು ವಿವರಿಸುತ್ತಾ ‘ಪಾಪ, ಕಾಲು ಆ ಕಡೆ ಹಾಕಲು ಆಗಲಿಲ್ಲ’ ಎಂಬರ್ಥದ ಮಾತಾಡಿದರು. ಇಂಗ್ಲಿಷಿನಲ್ಲಿ ಆ ಮಾತಿಗೆ ಹಾಸಿಗೆಯ ಅರ್ಥವೂ ಇದೆ. ಪಕ್ಕದಲ್ಲಿದ್ದ ಬ್ರಿಯಾನ್ ಜಾನ್‌ಸ್ಟನ್ ಎಪ್ಪತ್ತು ದಾಟಿದ ಹಿರಿಯರು. ನಗು ತಡೆಯಲು ಹೋಗಿ, ಆಗದೆ, ಸ್ಕೋರು ಓದಲೂ ಆಗದೆ, ‘ನಿಲ್ಲಿಸಪ್ಪಾ’ ಅಂತ ಕೀಚಲು ದನಿಯಲ್ಲಿ ಬೇಡಿಕೊಂಡರು. ಆ ರೆಕಾರ್ಡಿಂಗ್ ಇವತ್ತಿಗೂ ಜನ ಹುಡುಕಿ ಕೇಳುತ್ತಾರೆ. ನಾನೂ ಕೇಳಿದ್ದೇನೆ, ಬಸ್ಸಿನಲ್ಲಿ ಒಬ್ಬನೇ ನಕ್ಕು ಪಕ್ಕದವರಿಂದ ವಿಚಿತ್ರವಾಗಿ ನೋಡಿಸಿಕೊಂಡಿದ್ದೇನೆ.

ಎರಡನೆಯದು 2019ರ ಜನವರಿಯದು, ನಮಗೆಲ್ಲ ನೆನಪಿರುವುದು. ಕರಣ್ ಜೋಹರ್ ಅವರ ಟಿವಿ ಶೋಗೆ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಹೋಗಿದ್ದರು. ಹೆಚ್ಚು ಮಾತಾಡಿದ್ದು ಪಾಂಡ್ಯ. ಹೆಣ್ಣುಮಕ್ಕಳ ಜೊತೆಗಿನ ಒಡನಾಟವನ್ನು ಸ್ಕೋರ್ ಹೇಳುವ ಧಾಟಿಯಲ್ಲಿ ಹೇಳಿಕೊಂಡರು. ಶೋ ಪ್ರಸಾರವಾಗಿ ಒಂದು ವಾರದೊಳಗೆ ಬಿಸಿಸಿಐ ಇಬ್ಬರನ್ನೂ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿತು. ಏಪ್ರಿಲ್‌ನಲ್ಲಿ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ಕಟ್ಟಲು ಹೇಳಿದರು. ಅದರಲ್ಲಿ 10 ಲಕ್ಷ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ ಹತ್ತು ಕಾನ್‌ಸ್ಟೆಬಲ್‌ಗಳ ಕುಟುಂಬಗಳಿಗೆ, 10 ಲಕ್ಷ ಅಂಧರ ಕ್ರಿಕೆಟ್‌ಗೆ. ಆ ಸಂದರ್ಶನ ತನ್ನನ್ನೇ ಬದಲಿಸಿಬಿಟ್ಟಿತು ಅಂತ ರಾಹುಲ್ ವರ್ಷಗಳ ನಂತರ ಹೇಳಿಕೊಂಡಿದ್ದಾರೆ.

ಎರಡರಲ್ಲೂ ಇದ್ದದ್ದು ಕ್ರಿಕೆಟ್ಟು ಮತ್ತು ಹಾಸಿಗೆಯೇ. ಒಂದಕ್ಕೆ ಮೂರು ದಶಕ ದಾಟಿದರೂ ನಗುತ್ತೇವೆ, ಇನ್ನೊಂದಕ್ಕೆ ಅವತ್ತೇ ಮುಖ ಕಿವುಚಿದೆವು. ಯಾಕೆ? ನನಗೆ ಕಂಡದ್ದು ಇಷ್ಟು. ಮೊದಲನೆಯದರಲ್ಲಿ ನಗೆಪಾಟಲಾದವರು ಬೋಥಮ್ ಮತ್ತು ಸ್ವತಃ ಆ ಇಬ್ಬರು ಕಾಮೆಂಟೇಟರ್‌ಗಳು. ಎರಡನೆಯದರಲ್ಲಿ ಮಾತಿನೊಳಗೆ ಬಂದುಹೋದ ಹೆಣ್ಣುಮಕ್ಕಳು ಆ ಸೋಫಾದ ಮೇಲೆ ಇರಲೇ ಇಲ್ಲ. ತಿರುಗಿ ಒಂದು ಮಾತು ಹೇಳುವ ಅವಕಾಶವೇ ಅವರಿಗೆ ಇರಲಿಲ್ಲ. ನಮ್ಮ ಬೀಗರ ಹಾಡಿನಲ್ಲೂ ಈ ನ್ಯಾಯ ಉಂಟು. ಹೆಣ್ಣಿನ ಕಡೆಯವರು ಒಂದು ಹಾಡಿದರೆ ಗಂಡಿನ ಕಡೆಯವರು ಎರಡು ಹಾಡುತ್ತಾರೆ. ಇಬ್ಬರಿಗೂ ಬ್ಯಾಟಿಂಗ್ ಇದೆ. ಟೀ ಅಂಗಡಿಯ ಆ ಸೀನಿಯರ್ ‘ಒಂದು ವಾರ ಮಳೆ’ ಅಂತ ನಮ್ಮನ್ನೇ ಬೀಟ್ ಮಾಡಿ ಹೋದರಲ್ಲ, ಹಾಗೆ. ನನ್ನ ಮೈಕಿನ ಜೋಕಿನಲ್ಲಿ ಅವಳಿಗೆ ಬ್ಯಾಟಿಂಗ್ ಇರಲಿಲ್ಲ. ಇದ್ದದ್ದು ಒಂದೇ ಮೈಕ್, ಅದು ನನ್ನ ಕೈಯಲ್ಲಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಯಾರೋ ಅದನ್ನು ರೆಕಾರ್ಡ್ ಮಾಡಿದ್ದರು. ಹದಿನೆಂಟು ಸೆಕೆಂಡಿನ ಕ್ಲಿಪ್ಪು. ನಾಲ್ಕೈದು ಗ್ರೂಪ್ ದಾಟಿ ಬೇರೆ ಕಾಲೇಜಿನಲ್ಲಿದ್ದ ಅವಳ ಕಸಿನ್ ಫೋನಿಗೆ ಹೋಯಿತು. ಅಲ್ಲಿಂದ ಮನೆಗೆ. ಆಮೇಲೆ ಎರಡು ತಿಂಗಳು ಪ್ರತಿ ರಾತ್ರಿ ಒಂಬತ್ತಕ್ಕೆ ಅವಳ ಅಮ್ಮನ ವಿಡಿಯೊ ಕಾಲ್. ಪಿಜಿ ರೂಮಿನ ನಾಲ್ಕೂ ಗೋಡೆ ತೋರಿಸಬೇಕು. ‘ಓದು ಬಿಡಿಸಿ ಕರ್ಕೊಂಡು ಬಾ’ ಅಂತ ಮನೆಯಲ್ಲಿ ಮಾತೂ ಆಯಿತಂತೆ. ಅದೇ ಹೊತ್ತಿಗೆ ಅವನಿಗೆ ಏನಾಯಿತು ಗೊತ್ತಾ? ಕ್ಯಾಂಟೀನಿನಲ್ಲಿ ಬೆನ್ನು ತಟ್ಟಿ ‘ಸೂಪರ್ ಮಚ್ಚಾ’ ಅಂದರು.

ಇಲ್ಲಿ ನನಗೆ ಕ್ರಿಕೆಟ್ಟಿನದೇ ಒಂದು ನಿಯಮ ನೆನಪಾಯಿತು. ಸಿಂಗಲ್ ತೆಗೆಯುವಾಗ ಓಡುವುದು ಇಬ್ಬರು. ಆದರೆ ಸ್ಕೋರ್‌ಬೋರ್ಡಿನಲ್ಲಿ ರನ್ ಬರೆಯುವುದು ಒಬ್ಬನ ಹೆಸರಿಗೆ. ಪ್ರೀತಿಯಲ್ಲೂ ನಮ್ಮೂರ ಸ್ಕೋರರ್‌ಗಳು ಇದನ್ನೇ ಮಾಡುತ್ತಾರೆ. ರನ್ ಹುಡುಗನ ಲೆಕ್ಕಕ್ಕೆ, ರನೌಟ್ ಹುಡುಗಿಯ ಲೆಕ್ಕಕ್ಕೆ.

ಆದ್ದರಿಂದ ನನ್ನ ವಾದ ಇಷ್ಟು. ಪ್ರೀತಿಗೂ ಪ್ರಣಯಕ್ಕೂ ಕ್ರಿಕೆಟ್ಟನ್ನು ಹೋಲಿಸುವುದು ತಪ್ಪಲ್ಲ. ನಾವು ತಪ್ಪು ಭಾಗ ಆರಿಸಿಕೊಂಡಿದ್ದೇವೆ. ಬ್ಯಾಟ್ಸ್‌ಮನ್ ಮತ್ತು ಪಿಚ್ಚನ್ನು ಬಿಡಿ. ಕ್ರೀಸಿನಲ್ಲಿ ಇರುವ ಇಬ್ಬರು ಬ್ಯಾಟರ್‌ಗಳನ್ನು ನೋಡಿ. ನಮ್ಮ ಕನ್ನಡ ಪತ್ರಿಕೆಗಳ ಕ್ರೀಡಾ ಪುಟದಲ್ಲಿ ಅದಕ್ಕೆ ಎಂಥ ಚೆಂದದ ಪದ ಇದೆ: ಜೊತೆಯಾಟ. ಇದಕ್ಕಿಂತ ರೊಮ್ಯಾಂಟಿಕ್ ಆದ, ಇದಕ್ಕಿಂತ ತುಂಟ ಪದ ಯಾವ ಡಬಲ್ ಮೀನಿಂಗ್ ಸಿನಿಮಾದಲ್ಲಿದೆ ಹೇಳಿ? ‘ಮುರಿಯದ ಜೊತೆಯಾಟ’ ಅಂತ ಬೆಳಗ್ಗೆ ಬೆಳಗ್ಗೆ ಅಪ್ಪ ಜೋರಾಗಿ ಓದಿದರೂ ಮನೆಯಲ್ಲಿ ಯಾರೂ ಕಿವಿ ಮುಚ್ಚಿಕೊಳ್ಳುವುದಿಲ್ಲ.

ಜೊತೆಯಾಟದ ಗುಟ್ಟೆಲ್ಲ ಇರುವುದು ಮೂರು ಕೂಗಿನಲ್ಲಿ. ‘ಎಸ್’, ‘ನೋ’, ‘ವೇಟ್’. ಕ್ರಿಕೆಟ್ ಕೋಚಿಂಗ್‌ಗೆ ಹೋದ ಯಾರನ್ನು ಬೇಕಾದರೂ ಕೇಳಿ, ಬ್ಯಾಟು ಸರಿಯಾಗಿ ಹಿಡಿಯುವ ಮೊದಲೇ ಇದನ್ನು ಕಲಿಸಿರುತ್ತಾರೆ. ಚೆಂಡು ಹೊಡೆದವನಿಗೆ ಎಷ್ಟೇ ಆಸೆ ಇರಲಿ, ಆ ಕಡೆಯಿಂದ ‘ನೋ’ ಬಂದರೆ ಅಲ್ಲೇ ನಿಂತು ಕ್ರೀಸಿಗೆ ಮರಳಬೇಕು. ‘ವೇಟ್’ ಅಂದರೆ ಕಾಯಬೇಕು. ‘ಕಳೆದ ಓವರಿನಲ್ಲಿ ಎಸ್ ಅಂದಿದ್ದೆಯಲ್ಲ’ ಅಂತ ವಾದ ಹೂಡಿಕೊಂಡು ಯಾರೂ ಓಡುವುದಿಲ್ಲ, ಪ್ರತಿ ಚೆಂಡಿಗೂ ಹೊಸದಾಗಿ ಕೇಳಬೇಕು. ಅರ್ಧ ದಾರಿಗೆ ಬಂದವರನ್ನೂ ವಾಪಸ್ ಕಳಿಸಬಹುದು, ಅದು ಇಬ್ಬರಿಗೂ ಇರುವ ಹಕ್ಕು. ಇಬ್ಬರಲ್ಲಿ ಒಬ್ಬರು ಗೆರೆ ಮುಟ್ಟದೆ ತಿರುಗಿದರೂ ಅಂಪೈರ್ ಭುಜ ಮುಟ್ಟಿ ‘ಶಾರ್ಟ್ ರನ್’ ಅನ್ನುತ್ತಾರೆ, ಆ ರನ್ ಲೆಕ್ಕಕ್ಕಿಲ್ಲ. ಒಬ್ಬರಿಗೆ ತೃಪ್ತಿಯಾಗಿ ಇನ್ನೊಬ್ಬರು ಗೆರೆ ಮುಟ್ಟದಿದ್ದರೆ ರನ್ನೇ ಇಲ್ಲ! ಈ ನಿಯಮ ಬರೆದವರು ಸಂಸಾರಸ್ಥರೇ ಇರಬೇಕು ಅಂತ ನನ್ನ ಅನುಮಾನ.

ನಮ್ಮ ಪಕ್ಕದ ಏರಿಯಾದವರನ್ನೇ ನೋಡಿ. 2021ರ ಆ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್‌ನಲ್ಲಿ ಬ್ಯಾಟ್ ಬೀಸಿ, ತಾನು ಇಂದಿರಾನಗರದ ಗೂಂಡಾ ಅಂತ ಕೂಗಿದಾಗ ಇಡೀ ದೇಶ ನಕ್ಕಿದ್ದು ಯಾಕೆ? ಅವರು ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದುದರಿಂದ. ಅದೇ ದ್ರಾವಿಡ್ 2001ರ ಮಾರ್ಚ್ 14ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಲಕ್ಷ್ಮಣ್ ಜೊತೆ ಬೆಳಗ್ಗೆಯಿಂದ ಸಂಜೆವರೆಗೆ ಆಡಿದರು. ಇಡೀ ದಿನ ಒಂದು ವಿಕೆಟ್ಟೂ ಬೀಳಲಿಲ್ಲ. ಒಟ್ಟು 376 ರನ್‌ಗಳ ಜೊತೆಯಾಟ. ಲಕ್ಷ್ಮಣ್ 281, ದ್ರಾವಿಡ್ 180. ಇವತ್ತಿಗೂ ಆ ಎರಡು ಹೆಸರನ್ನು ಜೊತೆಯಾಗಿಯೇ ಹೇಳುತ್ತೇವೆ. ಸ್ಟಾಮಿನಾ ಅಂದರೆ ಅದು ಕಣ್ರೋ, ಟೀ ಅಂಗಡಿಯಲ್ಲಿ ಕೊಚ್ಚಿಕೊಳ್ಳುವುದಲ್ಲ.

ಇನ್ನೊಂದು ಉದಾಹರಣೆ ನಮ್ಮ ಎಂಜಿನಿಯರಿಂಗ್ ಬಳಗದ್ದೇ. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್ ತೆಗೆದಿದ್ದರು. ಆ ಕಡೆಯ ಬೌಲರ್ ಜಾವಗಲ್ ಶ್ರೀನಾಥ್. ಕುಂಬ್ಳೆ ಆರ್‌ವಿ ಕಾಲೇಜಿನವರು, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯವರು. ತನಗೇ ವಿಕೆಟ್ ಸಿಕ್ಕಿಬಿಟ್ಟೀತು ಅಂತ ಶ್ರೀನಾಥ್ ಚೆಂಡನ್ನು ವಿಕೆಟ್ಟಿನಿಂದ ದೂರ ದೂರ ಎಸೆದರು. ಕುಂಬ್ಳೆ ಹತ್ತನೆಯದನ್ನೂ ತೆಗೆದರು, 74ಕ್ಕೆ 10. ಇನ್ನೊಬ್ಬರ ಖುಷಿಗೆ ಕಾಯುವುದೂ ಆಟವೇ ಅಂತ ತೋರಿಸಿದ ಆ ಓವರಿನ ಬಗ್ಗೆ ನಾವು ಯಾಕೆ ಒಂದೂ ಜೋಕ್ ಕಟ್ಟಲಿಲ್ಲ?

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಟೀ ಅಂಗಡಿಯ ನಾಲಿಗೆಯನ್ನು ಆಫೀಸಿಗೆ ಒಯ್ಯುವ ಮೊದಲು ಯೋಚಿಸಿ. 2013ರ ಕಾನೂನಿನ ಪ್ರಕಾರ ಕೆಲಸದ ಜಾಗದಲ್ಲಿ ಇಷ್ಟವಿಲ್ಲದವರ ಮೇಲೆ ಆಡುವ ಲೈಂಗಿಕ ಛಾಯೆಯ ಮಾತೂ ಕಿರುಕುಳವೇ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ‘ಸುಮ್ನೆ ತಮಾಷೆಗೆ’ ಅನ್ನುವ ಅಪೀಲು ಅಲ್ಲಿ ನಡೆಯುವುದಿಲ್ಲ. ಆದರೆ ಕೇಸಿಗೆ ಹೆದರಿ ಬಾಯಿ ಮುಚ್ಚಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಹೆದರಿ ಸುಮ್ಮನಾದವನು ಹೊರಗೆ ಬಂದ ಕೂಡಲೇ ಅದನ್ನೇ ಮಾತಾಡುತ್ತಾನೆ. ಜೋಕ್ ಹೊಡೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ ಸಾಕು: ಈ ಆಟದಲ್ಲಿ ಅವಳು ಯಾರು? ಪ್ಲೇಯರ್ ಆಗಿದ್ದರೆ ಹೊಡೆಯಿರಿ, ಅವಳೂ ತಿರುಗಿ ಹೊಡೆಯುತ್ತಾಳೆ, ಮಜಾ ಬರುತ್ತದೆ. ಪಿಚ್ಚೋ ಕಪ್ಪೋ ಆಗಿದ್ದರೆ ಚೆಂಡನ್ನು ಬಿಟ್ಟುಬಿಡಿ. ಆಫ್ ಸ್ಟಂಪಿನ ಹೊರಗಿನ ಚೆಂಡು ಬಿಡುವುದೂ ಒಂದು ಕಲೆ, ದ್ರಾವಿಡ್ ಅದರಿಂದಲೇ ಗೋಡೆಯಾದದ್ದು.

ನಾನು ಅವಳ ಬಳಿ ಕ್ಷಮೆ ಕೇಳಿದೆ. ಫೈನಲ್ ದಿನ ಅದೇ ಮೈಕಿನಲ್ಲಿ ಎಲ್ಲರ ಮುಂದೆ ಕೇಳುತ್ತೇನೆ ಅಂದೆ, ದೊಡ್ಡ ಹೀರೊ ಥರ. ‘ಬೇಡ. ಮತ್ತೆ ಎಲ್ಲರೂ ಮೂರನೇ ಸಾಲೇ ನೋಡ್ತಾರೆ’ ಅಂದಳು. ಅಷ್ಟು ಸರಳವಾದದ್ದು ನನ್ನ ತಲೆಗೆ ಹೊಳೆದಿರಲಿಲ್ಲ. ಕೊನೆಗೆ ಗ್ರೂಪಿನಿಂದ ಗ್ರೂಪಿಗೆ ಹೋಗಿ ಅಡ್ಮಿನ್‌ಗಳಿಗೆ ಹೇಳಿ ಕ್ಲಿಪ್ ತೆಗೆಸಿದೆ. ಎಲ್ಲ ಕಡೆಯಿಂದ ಹೋಯಿತು ಅಂತ ಹೇಳುವ ಧೈರ್ಯ ಇವತ್ತಿಗೂ ಇಲ್ಲ. ಅವಳ ಅಮ್ಮನ ಒಂಬತ್ತು ಗಂಟೆಯ ಕಾಲ್ ಈಗ ನಿಂತಿದೆ ಅಂತ ಅವಳೇ ಹೇಳಿದಳು.

ಈ ಬರಹವನ್ನು ಅವಳಿಗೆ ಓದಿಸಿಯೇ ಕಳಿಸುತ್ತಿದ್ದೇನೆ. ‘ಎಸ್’ ಅಂದಳು, ಆದರೆ ಎರಡು ಸಾಲು ಹೊಡೆದುಹಾಕಿದಳು. ಒಂದು ಸಾಲು ಸೇರಿಸಿದ್ದಾಳೆ ಕೂಡ. ನೈಟ್ ವಾಚ್‌ಮನ್ ಜೋಕ್ ಓದಿ ನಕ್ಕು, ‘ನಿಮ್ಮ ರೂಮಿಗೆ ನೈಟ್ ವಾಚ್‌ಮನ್ ಯಾಕೋ? ನಿಂದು ಇಲ್ಲಿತನಕ ಟಾಸೇ ಆಗಿಲ್ವಲ್ಲ!’ ಅಂತ ಬರೆ ಅಂದಳು.

ಬರೆದಿದ್ದೇನೆ. ಒಪ್ಪಿಕೊಂಡಿದ್ದೇನೆ. ಕ್ಲೀನ್ ಬೋಲ್ಡ್.

– ಬಿಇ ವಿದ್ಯಾರ್ಥಿ, ಜೀವನ್ ಬಿಮಾ ನಗರ, ಬೆಂಗಳೂರು